ಕಾಫಿ ಸೀಮೆಯ ಮಕ್ಕಳ ಓದು-ಬರಹ: ನಡೆದು ಬಂದ ದಾರಿ

ಸಂಘದ ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಷೇರು, ಸಾಲ, ಗೊಬ್ಬರದ ಲೆಕ್ಕವೆಲ್ಲ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದೇ ಬರುತ್ತದೆ. ನಾನು ಹೇಳಹೊರಟಿರುವುದು ಇನ್ನೊಂದು ಬಾಕಿಯ ವಿಷಯ. ಐದರಿಂದ ಎಂಟನೇ ತರಗತಿಯ ನಮ್ಮ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅಕ್ಷರ ಗೊತ್ತು. ಆದರೆ ವಿಜ್ಞಾನದ್ದೋ ಸಮಾಜದ್ದೋ ಒಂದು ಪುಟ ಓದಿ, ಅದರಲ್ಲಿ ಎಂತ ಇದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಸ್ವಂತವಾಗಿ ನಾಲ್ಕು ಸಾಲು ಬರಿ ಅಂದರೆ ಪೆನ್ನು ಕಚ್ಚಿಕೊಂಡು ಕೂರುತ್ತವೆ. ಈ ಬಾಕಿ ಹೇಗೆ ಬೆಳೆಯಿತು, ತೀರಿಸುವ ದಾರಿ ಯಾವುದು ಎಂದು ಸದಸ್ಯ ಬಾಂಧವರು ಯೋಚಿಸಬೇಕು.

ಮೈಸೂರು ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡುವ ಕಾನೂನು ಬಂದದ್ದು 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಆದರೆ ಕಾನೂನು ಗುಡ್ಡ ಹತ್ತುವುದು ಸುಲಭವಲ್ಲ. ಮೂಡಿಗೆರೆ, ಕಳಸದ ಕಡೆ ಮನೆಯಿಂದ ಮನೆಗೇ ಮೈಲಿ ದೂರ, ಮಳೆಗಾಲದಲ್ಲಿ ಹಳ್ಳ ದಾಟಬೇಕು. ತೋಟದ ಲೈನ್ ಮನೆಗಳ ಮಕ್ಕಳ ಪಾಡು ಇನ್ನೂ ಕಷ್ಟ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯಲ್ಲಿ, ಕಾರ್ಮಿಕರ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಮಾಲೀಕರು ಕಲಿಕೆಗೆ ಅನುಕೂಲ ಮಾಡಿಕೊಡುವಂತೆ ಸರ್ಕಾರ ನಿಯಮ ಮಾಡಬಹುದು ಎಂದಿತ್ತು. ಸಣ್ಣ ತೋಟಗಳೇ ಹೆಚ್ಚಿರುವ ಕಡೆ ಆ ಲೆಕ್ಕ ಕೂಡುವುದಾದರೂ ಹೇಗೆ?

ಭಾಷೆಯದ್ದೂ ಒಂದು ತೊಡಕು. ಮನೆಯಲ್ಲಿ ತುಳು, ಕೊಂಕಣಿ, ತಮಿಳು, ಬ್ಯಾರಿ, ಇತ್ತೀಚೆಗೆ ಅಸ್ಸಾಂ ಕಡೆಯಿಂದ ಬಂದವರ ಮಾತು. ಕನ್ನಡವೇ ಮನೆಮಾತಾದ ಮಗುವೂ ಆಡುವುದು 'ಹೋಗ್ತದೆ', ಪುಸ್ತಕದಲ್ಲಿರುವುದು 'ಹೋಗುತ್ತದೆ'. ಹೀಗಾಗಿ ಬಾಯಲ್ಲಿ ಚುರುಕಾದ ಹುಡುಗ ಹಾಳೆಯ ಮೇಲೆ ದಡ್ಡನಾಗಿಬಿಡುತ್ತಾನೆ. ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇದ್ದ ಕಾಲದಲ್ಲಿ ಪ್ರಶ್ನೋತ್ತರ ಉರು ಹೊಡೆದು ದಾಟಿದವರು ಕೆಲವರು. ದಾಟಲಾಗದವರು ತೋಟದ ಕೆಲಸಕ್ಕೆ ಹೋದರು.

ಹಾಗಂತ ಕನ್ನಡದಲ್ಲಿ ಪುಸ್ತಕಗಳಿಗೆ ಬರ ಇರಲಿಲ್ಲ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ಮಕ್ಕಳಿಗಾಗಿ 'ಬಾಲ ಪ್ರಪಂಚ'ದ ಮೂರು ಸಂಪುಟ ಕೊಟ್ಟರು. ನಿರಂಜನರ ಸಂಪಾದಕತ್ವದಲ್ಲಿ 'ಜ್ಞಾನಗಂಗೋತ್ರಿ'ಯ ಏಳು ಸಂಪುಟ ಬಂದವು. 1978ರಲ್ಲಿ 'ಬಾಲ ವಿಜ್ಞಾನ' ಮಾಸಪತ್ರಿಕೆ ಶುರುವಾಯಿತು. ನಮ್ಮ ಮೂಡಿಗೆರೆಯಲ್ಲೇ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಈ ಕಾಡು, ಹಕ್ಕಿ, ಹುಳುಗಳ ಮೇಲೆಯೇ 'ಪರಿಸರದ ಕತೆ', 'ಮಿಂಚುಳ್ಳಿ', 'ಹೆಜ್ಜೆ ಮೂಡದ ಹಾದಿ' ಬರೆದರು. ಪುಸ್ತಕ ಇತ್ತು, ಆದರೆ ತಡವರಿಸಿ ಓದುವ ಮಗುವಿನ ಪಕ್ಕ ಕೂತು ಓದಿಸುವವರು ಇರಲಿಲ್ಲ.

ಸರ್ಕಾರ ಏನೂ ಮಾಡಲಿಲ್ಲ ಎನ್ನುವಂತಿಲ್ಲ. 1995ರಲ್ಲಿ ಹೆಗ್ಗಡದೇವನ ಕೋಟೆಯಲ್ಲಿ ಹುಟ್ಟಿದ 'ನಲಿ-ಕಲಿ' ರಾಜ್ಯಕ್ಕೆಲ್ಲ ಹರಡಿತು. ಆದರೆ ಅದು ಮೂರನೇ ತರಗತಿಗೆ ನಿಲ್ಲುತ್ತದೆ. ಅಲ್ಲಿಯವರೆಗೆ ಓದುವುದೇ ಪಾಠ. ಆಮೇಲೆ ಪಾಠ ಬೇರೆ, ಓದು ಅದಕ್ಕೆ ಹತ್ಯಾರು. ಹತ್ಯಾರು ಮೊಂಡಾದರೆ ಕೆಲಸ ಸಾಗುವುದುಂಟೇ? 4 ಮತ್ತು 5ನೇ ತರಗತಿಗೆ 'ಓದು ಕರ್ನಾಟಕ' ಬಂತು. ಕೊರೋನಾದಲ್ಲಿ ಶಾಲೆ ಮುಚ್ಚಿದ್ದರಿಂದಾದ ನಷ್ಟಕ್ಕೆ 2022-23ರಲ್ಲಿ 'ಕಲಿಕಾ ಚೇತರಿಕೆ' ಬಂತು. ಮೇಷ್ಟ್ರುಗಳು ದುಡಿದರು. ಆದರೆ ಒಬ್ಬರೇ ಮೇಷ್ಟ್ರು ಎರಡು ಮೂರು ತರಗತಿ ನೋಡಿಕೊಳ್ಳುವ ಶಾಲೆಯಲ್ಲಿ ಒಂದೊಂದೇ ಮಗುವಿಗೆ ಸಮಯ ಎಲ್ಲಿಂದ ಬರಬೇಕು?

ಈ ಪ್ರಯತ್ನಗಳಿಂದ ಕಲಿತ ಪಾಠ ದೊಡ್ಡ ವಿದ್ಯೆಯೇನಲ್ಲ. ಮೊದಲು ಮಗು ಯಾವ ತರಗತಿ ಎಂದು ಕೇಳದೆ, ಅಕ್ಷರದಲ್ಲಿ ನಿಲ್ಲುತ್ತದೋ, ಪದದಲ್ಲೋ, ವಾಕ್ಯದಲ್ಲೋ ನೋಡಿ ಅಲ್ಲಿಂದ ಹಿಡಿಯಬೇಕು. ಕಥೆಯಲ್ಲದ ಪಾಠವಾದರೆ ತಲೆಬರಹ, ಚಿತ್ರ, ಪಟ್ಟಿ ನೋಡಿಸಿ, ಇದರ ಬಗ್ಗೆ ನಿನಗೇನು ಗೊತ್ತು ಎಂದು ಮಾತಾಡಿಸಬೇಕು. ಒಂದು ಪ್ಯಾರಾ ಓದಿದ ಮೇಲೆ ಪುಸ್ತಕ ಮುಚ್ಚಿ, ಎರಡು ಮಾತಲ್ಲಿ ಹೇಳಿಸಬೇಕು. ಹೇಳಿದ್ದನ್ನೇ ಬರೆಸಬೇಕು. ಮೊದಲು ಆಡುಮಾತೇ ಇರಲಿ, ತಿದ್ದುವುದು ಆಮೇಲೆ. ಒಂದು ದಿನ ಒತ್ತಕ್ಷರ ತಿದ್ದಿದರೆ ಇನ್ನೊಂದು ದಿನ ಮಹಾಪ್ರಾಣ. ಹಾಳೆ ತುಂಬ ಕೆಂಪು ಶಾಯಿ ಕಂಡ ಮಗು ಮತ್ತೆ ಬರೆಯಲಿಕ್ಕಿಲ್ಲ.

ಓದಿಸಲು ಸಾಮಗ್ರಿಯೂ ಮನೆಯಲ್ಲೇ ಇದೆ. ತೋಟದವರು ಮಳೆಯನ್ನು ಇಂಚು-ಸೆಂಟಿನಲ್ಲಿ ಬರೆದಿಡುತ್ತಾರಲ್ಲ, ಆ ಪುಸ್ತಕವನ್ನೇ ಮಗುವಿನ ಕೈಗೆ ಕೊಡಿ. ಹೂಮಳೆ ಎಂದು ಬಿತ್ತು, ಎಷ್ಟು ಬಿತ್ತು, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಐದು ಸಾಲು ಬರೆಯಲಿ. ಗೊಬ್ಬರದ ಚೀಲದ ಮೇಲಿನ ಅಚ್ಚು, ಪಾಸ್‌ಬುಕ್ಕು, ಸಂಘದ ನೋಟಿಸು ಎಲ್ಲವೂ ಪಾಠವೇ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಅಲ್ಲಿಗೂ ಕರೆದುಕೊಂಡು ಹೋಗೋಣ.

ಇದಕ್ಕೂ ಸಹಕಾರ ಸಂಘಕ್ಕೂ ಎಂತ ಸಂಬಂಧ ಎಂದು ಕೆಲವರು ಕೇಳಬಹುದು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಸಂಘ ಕಟ್ಟಿದವರು ಮುಂದೆ ಲಾಭದ ಶೇಕಡಾ ಎರಡೂವರೆಯನ್ನು ಶಿಕ್ಷಣಕ್ಕೆ ತೆಗೆದಿಟ್ಟು ವಾಚನಾಲಯ ನಡೆಸಿದರು. ನಮ್ಮ ನಾಡಿನಲ್ಲಿ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪವೂ ಸದಸ್ಯರ ತಿಳುವಳಿಕೆಯ ಎಣ್ಣೆಯಿಂದಲೇ ಉರಿದದ್ದು. ಓದಲು ಬಾರದ ಸದಸ್ಯ ಜಾಮೀನು ಪತ್ರಕ್ಕೆ ಕಣ್ಣು ಮುಚ್ಚಿ ಸಹಿ ಹಾಕುತ್ತಾನೆ. ಮಹಾಸಭೆಯಲ್ಲಿ ಜಮಾ-ಖರ್ಚು ಓದಿದಾಗ ಸುಮ್ಮನೆ ತಲೆಯಾಡಿಸುತ್ತಾನೆ. ಅಂಥವರೇ ಹೆಚ್ಚಾದರೆ ಸಂಘ ಉಳಿದೀತೇ?

ಆದ್ದರಿಂದ ನನ್ನ ಸಲಹೆ ಇಷ್ಟೆ. ಸಂಘದ ಕಟ್ಟಡದಲ್ಲಿ ವಾರಕ್ಕೆ ಎರಡು ಸಂಜೆ, ಒಂದು ಮೇಜು, ಒಂದು ಕಪಾಟು ಪುಸ್ತಕ, ಊರಿನ ಓದಿದ ಹುಡುಗ-ಹುಡುಗಿಯರಲ್ಲಿ ಇಬ್ಬರು. ಸದಸ್ಯರ ಮಕ್ಕಳ ಜೊತೆಗೆ ಲೈನ್ ಮನೆಯ ಮಕ್ಕಳೂ ಬರಲಿ. ಮಳೆಗಾಲದಲ್ಲಿ ಕತ್ತಲಾಗುವ ಮೊದಲೇ ಅವರನ್ನು ಮನೆ ಸೇರಿಸುವ ಜವಾಬ್ದಾರಿ ನಮ್ಮದಿರಲಿ. ಸಂಘದ ಸುವರ್ಣ ಮಹೋತ್ಸವದ ಹೊತ್ತಿಗೆ ಆಡಳಿತ ಮಂಡಳಿಯಲ್ಲಿ ಕೂರುವವರು ಇವತ್ತು ಆರನೇ, ಏಳನೇ ತರಗತಿಯಲ್ಲಿ ತಡವರಿಸುತ್ತಿರುವ ಈ ಮಕ್ಕಳೇ. ಅಂದಿನ ವರದಿಯನ್ನು ಅವರೇ ಬರೆದು, ಅವರೇ ಓದಿ ಹೇಳುವಂತಾಗಲಿ ಎಂದು ಹಾರೈಸುತ್ತೇನೆ.