ಆಯುಧಪೂಜೆಯ ಗಾಡಿ

ದಸರಾ ರಜೆಗೆ ಮುಂಚಿನ ಕೊನೆಯ ದಿನ ಪಾಠ ಮಾಡುವುದು ಕಷ್ಟ. ಮಕ್ಕಳ ಮನಸ್ಸು ಆಗಲೇ ಊರಿನ ದಾರಿ ಹಿಡಿದಿರುತ್ತದೆ. ಅಂಥ ಒಂದು ದಿನ ಏಳನೆಯ ತರಗತಿಯಲ್ಲಿ ವಿಜಯನಗರದ ಮಹಾನವಮಿಯ ವಿಷಯ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆ ಆಟೊ ಓಡಿಸುವವರು. "ಮಿಸ್, ಕತ್ತಿ ಆಯುಧ, ಅದಕ್ಕೆ ಪೂಜೆ ಸರಿ. ನಮ್ಮಪ್ಪನ ಆಟೊ ಆಯುಧಾನಾ?" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಉತ್ತರ ಕೊಡಲು ಹೊರಟರೆ ಮಾತು ಬರಲಿಲ್ಲ. "ರಜೆ ಮುಗಿಸಿ ಬಾ, ಹೇಳುತ್ತೇನೆ" ಎಂದು ಕೂರಿಸಿದೆ.

ಯೋಚಿಸುತ್ತ ಹೋದಂತೆ, ಉತ್ತರ ಇರುವುದು ಕತ್ತಿಯಲ್ಲಲ್ಲ, ಋತುವಿನಲ್ಲಿ ಎನಿಸಿತು. ಆಶ್ವಯುಜ ಬಂತೆಂದರೆ ಮಳೆಗಾಲ ಹಿಂದೆ ಸರಿದು ಶರದೃತು ಕಾಲಿಡುತ್ತದೆ. ಕಾಳಿದಾಸನ ರಘುವಂಶದ ನಾಲ್ಕನೆಯ ಸರ್ಗದಲ್ಲಿ ರಘು ಮಹಾರಾಜ ದಿಗ್ವಿಜಯಕ್ಕೆ ಹೊರಡುವುದು ಈ ಋತುವಿನಲ್ಲೇ. ನದಿಗಳು ದಾಟುವಷ್ಟು ಇಳಿದಿವೆ, ದಾರಿಯ ಕೆಸರು ಒಣಗಿದೆ. ರಾಜನನ್ನು ಹೊರಡಿಸಿದ್ದು ಶರತ್ಕಾಲವೇ ಎನ್ನುತ್ತಾನೆ ಕವಿ. ಹೊರಡುವ ಮುನ್ನ ಕುದುರೆಗಳಿಗೆ ನೀರಾಜನವಾಗುತ್ತದೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಈ ನೀರಾಜನಕ್ಕೇ ಒಂದು ಅಧ್ಯಾಯವಿದೆ. ನಾವು ಇಂದು ದೇವರ ಮುಂದೆ ಎತ್ತುವ ಆರತಿಗೂ ನೀರಾಜನವೆಂದೇ ಹೆಸರು. ಹಾಗಾಗಿ ಈ ಹಬ್ಬದಲ್ಲಿ ಹೊರೆ ಹೊರುವ, ದಾರಿ ನಡೆಸುವ ವಾಹನಕ್ಕೆ ಮೊದಲಿನಿಂದಲೂ ಜಾಗವಿತ್ತು. ಆಟೊ ಬಂದು ನಿಂತಿರುವುದು ಕತ್ತಿಯ ಜಾಗದಲ್ಲಲ್ಲ, ಕುದುರೆಯ ಜಾಗದಲ್ಲಿ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಕಾಲದ ಒಂಬತ್ತು ದಿನಗಳ ಉತ್ಸವವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಸಿಂಗರಿಸಿದ ಆನೆ ಕುದುರೆಗಳು, ಅವುಗಳಿಗೆ ನಡೆಯುವ ಪೂಜೆ, ಉತ್ಸವ ಮುಗಿದ ಮೇಲೆ ಊರ ಹೊರಗೆ ರಾಜ ತನ್ನ ಸೈನ್ಯವನ್ನೆಲ್ಲ ನಿಲ್ಲಿಸಿ ನೋಡುವುದು ಎಲ್ಲವೂ ಅದರಲ್ಲಿದೆ. ಹಿಂದೆ ಓದಿದಾಗ ನನ್ನ ಕಣ್ಣು ವೈಭವದ ಮೇಲೇ ಇತ್ತು. ಈಗ ಓದುವಾಗ ಆ ಕೊನೆಯ ನೋಟ ಮುಖ್ಯವೆನಿಸುತ್ತದೆ. ಮಳೆಗಾಲವೆಲ್ಲ ಲಾಯದಲ್ಲಿ ನಿಂತಿದ್ದ ಕುದುರೆ ದಾರಿಗೆ ಸಿದ್ಧವಾಗಿದೆಯೇ ಎಂದು ನೋಡಬೇಕಲ್ಲವೆ?

ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಮುಂದೆ ಮೈಸೂರಿಗೆ ಬಂತು. ಅಲ್ಲಿ ಆಯುಧಪೂಜೆಯ ದಿನ ಅರಮನೆಯ ಆಯುಧಗಳನ್ನು ಪಲ್ಲಕ್ಕಿಯಲ್ಲಿ ಕೋಡಿ ಸೋಮೇಶ್ವರ ದೇವಸ್ಥಾನಕ್ಕೆ ಒಯ್ದು, ತೊಳೆದು ಶುದ್ಧಿ ಮಾಡಿ ತಂದು, ಆಮೇಲೆ ಪೂಜೆಗಿಡುತ್ತಾರೆ. ಪಟ್ಟದ ಆನೆ, ಪಟ್ಟದ ಕುದುರೆ, ವಾಹನಗಳಿಗೂ ಪೂಜೆಯಾಗುತ್ತದೆ. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರುವ ಆನೆಯನ್ನೇನೂ ವಿಜಯದಶಮಿಯ ಬೆಳಗ್ಗೆ ಕಾಡಿನಿಂದ ತಂದು ನಿಲ್ಲಿಸುವುದಿಲ್ಲ. ವಾರಗಟ್ಟಲೆ ಮುಂಚೆ ಕರೆತಂದು, ಮೇವು ಕೊಟ್ಟು, ಮರಳಿನ ಮೂಟೆ ಹೊರಿಸಿ ತಾಲೀಮು ಮಾಡಿಸುತ್ತಾರೆ. ಫಿರಂಗಿಯ ಸದ್ದಿಗೆ ಬೆಚ್ಚದಂತೆ ಅಭ್ಯಾಸ ಮಾಡಿಸುತ್ತಾರೆ. ಸಿಂಗಾರ ಕಡೆಯ ಕೆಲಸ.

ಅರಮನೆಯ ಮಾತು ಹಾಗಿರಲಿ. ಬಯಲುಸೀಮೆಯ ನಮ್ಮ ಊರಿನಲ್ಲಿ ತಾತನ ಎತ್ತಿನ ಗಾಡಿಗೂ ಇದೇ ಕ್ರಮವಿತ್ತು. ಮಳೆಗೆ ನೆನೆದು ಉಬ್ಬಿದ ಮರದ ಚಕ್ರ ಬಿಸಿಲಿಗೆ ಒಣಗಿ ಕುಗ್ಗುತ್ತದೆ, ಸುತ್ತಲಿನ ಕಬ್ಬಿಣದ ಪಟ್ಟೆ ಸಡಿಲವಾಗುತ್ತದೆ. ಮಹಾಲಯ ಅಮಾವಾಸ್ಯೆ ಕಳೆಯುತ್ತಲೇ ತಾತ ಚಕ್ರಗಳನ್ನು ಕಮ್ಮಾರನ ಬಳಿಗೆ ಹೊರಳಿಸಿಕೊಂಡು ಹೋಗುತ್ತಿದ್ದ. ಬೆರಣಿಯ ಬೆಂಕಿಯಲ್ಲಿ ಪಟ್ಟೆ ಕೆಂಪಾಗಬೇಕು. ಇಕ್ಕಳದಲ್ಲಿ ಹಿಡಿದು ಚಕ್ರಕ್ಕೆ ಕೂರಿಸಿ ನೀರು ಸುರಿದರೆ ಚುಂಯ್ ಎಂದು ಹೊಗೆಯೆದ್ದು, ಪಟ್ಟೆ ಬಿಗಿದು ಮರವನ್ನು ಕಚ್ಚಿಕೊಳ್ಳುತ್ತಿತ್ತು. ಆಮೇಲೆ ಅಚ್ಚಿಗೆ ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಅಡಿಗೆ ನೇತುಹಾಕುತ್ತಿದ್ದ. ಕಡಾಣಿಯನ್ನು ತೆಗೆದು ನೋಡಿ, ಸವೆದಿದ್ದರೆ ಹೊಸದು ಹಾಕುತ್ತಿದ್ದ. ಹಬ್ಬದ ದಿನ ಅಜ್ಜಿ ಇಡುತ್ತಿದ್ದುದು ಅರಿಶಿನ ಕುಂಕುಮ, ಎರಡು ಚೆಂಡುಹೂವು ಅಷ್ಟೆ. ಹಬ್ಬ ಕಳೆದು ಸ್ವಲ್ಪ ದಿನಕ್ಕೆ ರಾಗಿ ಕೊಯ್ಲು ಬರುತ್ತಿತ್ತು. ಹೊಲದಿಂದ ಕಣಕ್ಕೆ ತೆನೆ ಹೊರಬೇಕಾದ ಗಾಡಿ ನಡುದಾರಿಯಲ್ಲಿ ಮುರಿಯಬಾರದು.

ಅಪ್ಪ ಗಾಡಿ ಬಿಟ್ಟು ಬಸ್ಸು ಹಿಡಿದರು. ಮೈಸೂರು ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾದದ್ದು. 1961ರಲ್ಲಿ ಅದು ನಿಗಮವಾಯಿತು. ಅದಾದ ಕೆಲವು ವರ್ಷಕ್ಕೆ ಅಪ್ಪ ಚಾಲಕರಾಗಿ ಸೇರಿದರು. ಆಯುಧಪೂಜೆಗೆ ಡಿಪೋದಲ್ಲಿ ಬಸ್ಸಿಗೆ ಬಾಳೆಕಂದು ಕಟ್ಟುವಾಗ ನಮ್ಮನ್ನೂ ಕರೆದುಕೊಂಡು ಹೋಗುತ್ತಿದ್ದರು. ಎಲ್ಲರೂ ಹಾರ ಹಿಡಿದಿದ್ದರೆ ಅವರು ಲಿವರಿನಿಂದ ಟೈರು ತಟ್ಟಿ ಸದ್ದು ಕೇಳುತ್ತಿದ್ದರು. "ಮೊದಲು ನಿಲ್ಲುತ್ತದೋ ಇಲ್ಲವೋ ನೋಡು, ಆಮೇಲೆ ಓಡಿಸು" ಎನ್ನುವುದು ಅವರ ಮಾತು.

ಇಷ್ಟೆಲ್ಲ ಬಲ್ಲ ಮನೆಯಲ್ಲೇ ಅದು ನಡೆದುಹೋಯಿತು. 1999ರ ಆಯುಧಪೂಜೆ. ಅಪ್ಪ ನಿವೃತ್ತರಾಗಿದ್ದರು. ತಮ್ಮ ಸಾಲ ಮಾಡಿ ಒಂದು ಹಳೆಯ ಟೆಂಪೊ ಕೊಂಡಿದ್ದ. ಬೆಳಗ್ಗೆಯಿಂದ ಪೈಪಿನಲ್ಲಿ ನೀರು ಬಿಟ್ಟು ಚಕ್ರದ ಸಂದುಗೊಂದೆಲ್ಲ ತೊಳೆದೆವು. ಎರಡು ಕಡೆಗೂ ಬಾಳೆಕಂದು ಕಟ್ಟಿದೆವು. ಅಪ್ಪ ಒಮ್ಮೆ "ಬ್ರೇಕ್ ಲೈನರ್ ಬಿಚ್ಚಿ ನೋಡಿದೆಯೇನೋ?" ಎಂದರು. "ಹಬ್ಬ ಆಗಲಿ ಬಿಡಪ್ಪ, ನೋಡಿದರಾಯಿತು" ಎಂದ ತಮ್ಮ. ರಾಹುಕಾಲ ಬರುವುದರೊಳಗೆ ಪೂಜೆ ಮುಗಿಯಬೇಕೆಂದು ಪುರೋಹಿತರು ಅವಸರ ಮಾಡುತ್ತಿದ್ದರು. ಅಪ್ಪ ಸುಮ್ಮನಾದರು. ಆರತಿ ಎತ್ತಿದವರೂ ಅವರೇ.

ಚಕ್ರದಡಿಯ ನಿಂಬೆಹಣ್ಣು ಹಾಯ್ದು ಒಂದು ಸುತ್ತು ಹೋಗಿಬರುವುದು ಪದ್ಧತಿ. ಅಮ್ಮ ಹೊಸ ಸೀರೆಯುಟ್ಟು ತಮ್ಮನ ಪಕ್ಕದಲ್ಲಿ ಕುಳಿತಳು. ಕೆರೆ ಏರಿಯ ಇಳಿಜಾರಿನಲ್ಲಿ ಎದುರಿಗೆ ದನಗಳು ಬಂದವು. ನೀರು ಹೊಕ್ಕ ಡ್ರಮ್ಮು, ಸವೆದ ಲೈನರು. ತುಳಿದ ಬ್ರೇಕು ಹಿಡಿಯಲಿಲ್ಲ. ಪಕ್ಕಕ್ಕೆ ತಿರುಗಿಸೋಣವೆಂದರೆ ಹಿಂದೆ ಯಾರು ಬರುತ್ತಿದ್ದಾರೆಂಬುದೇ ಅವನಿಗೆ ಕಾಣಲಿಲ್ಲ. ಕನ್ನಡಿಗೆ ಚೆಂಡುಹೂವಿನ ಹಾರ ಸುತ್ತಿದವಳು ನಾನೇ. ಟೆಂಪೊ ಏರಿಯ ಕಲ್ಲಿಗೆ ಬಡಿದು ನಿಂತಿತು. ಅಮ್ಮನ ಬಲ ಮುಂಗೈ ಮುರಿಯಿತು. ಮೂಳೆ ಕೂಡಿತಾದರೂ ಆ ಕೈಯಲ್ಲಿ ಅವಳು ಮತ್ತೆ ತುಂಬಿದ ಕೊಡ ಎತ್ತಲಿಲ್ಲ.

ಮಾರನೆಯ ದಿನ ವಿಜಯದಶಮಿ. ಅಪ್ಪ ಬನ್ನಿ ಮುಡಿಯಲು ಹೋಗಲಿಲ್ಲ. ಜಾಕ್ ಕೊಟ್ಟು, ನಾಲ್ಕೂ ಚಕ್ರ ಬಿಚ್ಚಿ, ಸವೆದ ಲೈನರುಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟರು. ತಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ, "ನನಗೆ ಗೊತ್ತಿತ್ತು ಕಣಮ್ಮ, ಕೇಳಿ ಸುಮ್ಮನಾದೆ" ಎಂದು ನನ್ನೆದುರು ಹೇಳಿದರು. ಅವರು ಹೋಗಿ ಹತ್ತು ವರ್ಷವಾಯಿತು. ಆ ಮಾತು ಮಾತ್ರ ಪ್ರತಿ ನವಮಿಗೂ ನೆನಪಾಗುತ್ತದೆ.

ಪೂಜೆ ಬೇಡವೆಂದು ನಾನು ಹೇಳುವುದಿಲ್ಲ. ಅನ್ನ ಕೊಡುವ ವಸ್ತುವಿಗೆ ವರ್ಷಕ್ಕೊಮ್ಮೆ ಕೈಮುಗಿಯುವುದು ಒಳ್ಳೆಯ ಸಂಸ್ಕಾರವೇ. ಆದರೆ ಚಕ್ರ ಬಿಗಿಸುವುದು, ಕೀಲೆಣ್ಣೆ ಹಾಕುವುದು, ಆನೆಗೆ ಮರಳಿನ ಮೂಟೆ ಹೊರಿಸುವುದು ಹಬ್ಬದ ಅರ್ಧ ಭಾಗವಾಗಿತ್ತು. ನಾವು ಅದನ್ನು ಗ್ಯಾರೇಜಿನವನಿಗೆ ಬಿಟ್ಟು, ಹೂವಿನ ಅರ್ಧವನ್ನು ಮಾತ್ರ ಇಟ್ಟುಕೊಂಡೆವು.

ರಜೆ ಮುಗಿದ ಮೇಲೆ ಆ ಹುಡುಗನನ್ನು ಕರೆದು ಕುದುರೆಯ ಕಥೆ ಹೇಳಿದೆ. "ನಿಮ್ಮಪ್ಪ ಪೂಜೆಗೆ ಮುಂಚೆ ಆಟೊ ರಿಪೇರಿ ಮಾಡಿಸಿದರೇನೋ?" ಎಂದು ಕೇಳಿದೆ.

"ಹೂಂ ಮಿಸ್, ಬ್ರೇಕು ಸರಿ ಮಾಡಿಸಿ ಹೊಸ ಕ್ಲಚ್ ಕೇಬಲ್ ಹಾಕಿಸಿದರು. ಅದಕ್ಕೇ ದುಡ್ಡು ಆಗೋಯ್ತು. ಹಾರ ಚಿಕ್ಕದು ತಂದರು" ಎಂದ, ಸ್ವಲ್ಪ ನಾಚಿಕೆಯಿಂದ.

ಅಪ್ಪ ಇದ್ದಿದ್ದರೆ ಆ ಆಟೊ ನೋಡಲು ಅವತ್ತೇ ಹೋಗುತ್ತಿದ್ದರು.