ತಮಟೆಯ ಊರಿಗೆ ಬ್ಯಾಂಡ್‌ಸೆಟ್ ಬಂದದ್ದು

ತುಮಕೂರಿಗೆ ಆ ಹೆಸರು ತುಂಬೆ ಹೂವಿನಿಂದ ಬಂತು ಎನ್ನುವವರಿದ್ದಾರೆ, ತಮಟೆಯಿಂದ ಬಂತು ಎನ್ನುವವರೂ ಇದ್ದಾರೆ. ನಮ್ಮ ಮನೆಯ ಮತ ತಮಟೆಗೇ. ಗುಬ್ಬಿ ಸೀಮೆಯ ನಮ್ಮ ಹಳ್ಳಿಯಲ್ಲಿ ತಾತ ತಮಟೆ ಬಡಿಯುತ್ತಿದ್ದರು. ಸಾವಿಗೆ, ಹಬ್ಬಕ್ಕೆ, ಡಂಗೂರಕ್ಕೆ ಕರೆ ಬಂದರೆ ಹೋಗಲೇಬೇಕು. ಕೂಲಿಯ ಮಾತೇ ಇಲ್ಲ, ಸುಗ್ಗಿಯಲ್ಲಿ ಒಂದಿಷ್ಟು ರಾಗಿ, ಅಷ್ಟೆ. ದೊಡ್ಡಪ್ಪ ಇದನ್ನು ಬಿಟ್ಟು ತುಮಕೂರಿನ ಬ್ಯಾಂಡ್‌ಸೆಟ್ ಸೇರಿದಾಗ ತಾತ ಕೇಳಿದರಂತೆ: ‘ಅಲ್ಲೂ ಬಡಿಯೋದೇ ತಾನೇನ್ಲಾ?’

ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಬ್ಯಾಂಡಿನ ಚರಿತ್ರೆ ಓದಲು ಕೂತೆ.

ಡೋಲು, ಕಹಳೆ ನಮಗೆ ಹೊಸವಲ್ಲ. ಆದರೆ ಸಮವಸ್ತ್ರ ತೊಟ್ಟು, ಸಾಲು ಹಿಡಿದು, ಹೆಜ್ಜೆ ಹಾಕುತ್ತಾ ನುಡಿಸುವ ಪದ್ಧತಿ ಬ್ರಿಟಿಷರ ಪಲ್ಟನ್ನುಗಳ ಜೊತೆ ಬಂತು. ದಂಡಿನಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಕುದುರೆ ಏರುವುದಕ್ಕೆ ಒಂದೊಂದು ಕಹಳೆಯ ಕರೆ. ಕುಣಿಗಲ್‌ನಲ್ಲಿ ಟಿಪ್ಪುವಿನ ಕಾಲದಿಂದ ಸೈನ್ಯಕ್ಕೆಂದು ಕುದುರೆ ಸಾಕುತ್ತಿದ್ದರಲ್ಲ, ಅಲ್ಲಿಂದ ದಂಡು ಸೇರಿದ ಕುದುರೆ ಆ ಸದ್ದಿಗೆ ಬೆದರದಿರುವುದನ್ನೂ ಕಲಿಯಬೇಕಿತ್ತು. ಬ್ಯೂಗಲ್‌ಗೆ ಒತ್ತುವ ಗುಂಡಿಗಳಿಲ್ಲ. ತುಟಿ ಬಿಗಿಹಿಡಿದು, ಸಡಿಲಿಸಿ ಊದಿದರೆ ಹೊರಡುವುದು ಹೆಚ್ಚುಕಡಿಮೆ ಸ, ಗ, ಪ ಮಾತ್ರ. ಅಪ್ಪಣೆ ಕೊಡಲು ಅಷ್ಟು ಸಾಕು, ಒಂದು ಹಾಡಿಗೆ ಸಾಲದು.

ಅಮೆರಿಕದಲ್ಲಿ ಈ ಡ್ರಮ್ಮು, ಬ್ಯೂಗಲ್ಲುಗಳನ್ನೇ ನೆಚ್ಚಿಕೊಂಡವರಿದ್ದರು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು 1919ರಲ್ಲಿ ಅಮೆರಿಕನ್ ಲೀಜನ್ ಎಂಬ ಸಂಘ ಕಟ್ಟಿದರು. ಅದರ ಶಾಖೆಗಳಲ್ಲಿ ಇಂಥ ತಂಡಗಳು ಎದ್ದವು, ಪೈಪೋಟಿಗಳು ನಡೆದವು, ಬ್ಯೂಗಲ್‌ಗೂ ಪಿಸ್ಟನ್ ಬಂತು. 1960ರ ದಶಕದ ಹೊತ್ತಿಗೆ ದೊಡ್ಡವರ ತಂಡಗಳದ್ದೇ ಒಂದು ಒಕ್ಕೂಟವಾಯಿತು. ವಾರವೆಲ್ಲ ಕೆಲಸ, ವಾರದ ಕೊನೆಗೆ ಕವಾಯತು. ಅವರಿಗದು ಖುಷಿಯ ವಿಷಯ. ನಮ್ಮವರಿಗೆ ಹೊಟ್ಟೆಪಾಡು.

ಇಲ್ಲಿ ದಾರಿ ತೋರಿದ್ದು ಮೈಸೂರು ಅರಮನೆ. ಅಲ್ಲಿಯ ಬ್ಯಾಂಡ್ ಶುರುವಾದದ್ದು 1868ರಲ್ಲಿ. ಮುಂದೆ ಜರ್ಮನಿಯ ಆಟೋ ಸ್ಮಿತ್ ಅದಕ್ಕೆ ಪಾಶ್ಚಾತ್ಯ ಸಂಗೀತದ ಪಾಠ ಹೇಳಿದರು. ದಸರಾದಲ್ಲಿ ಇಂದು ನಾವು ಕೇಳುವ ಪೊಲೀಸ್ ಬ್ಯಾಂಡ್ ಅದರದೇ ಮುಂದುವರಿಕೆ. ಊರೂರಿನ ಬ್ಯಾಂಡ್‌ಸೆಟ್‌ಗಳು ಆ ಠೀವಿಯನ್ನು ನೋಡಿ ಕಲಿತವು. ಕೋಟು, ಟೋಪಿ, ಹೆಗಲ ಮೇಲಿನ ಜರತಾರಿ ಎಲ್ಲ ಬಂತು, ಸ್ವರಲಿಪಿ ಮಾತ್ರ ಬರಲಿಲ್ಲ. ಅದು ಬೇಕೂ ಇರಲಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಈ ಸೀಮೆಯ ಕಿವಿಗಳನ್ನು ಆಗಲೇ ಹಾಡಿಗೆ ಹದ ಮಾಡಿತ್ತು. ಆಮೇಲೆ ಸಿನಿಮಾ ಬಂತು. ದೊಡ್ಡಪ್ಪನ ಸೆಟ್ಟಿನ ಕ್ಲಾರಿಯೋನೆಟ್‌ನವರು ಟೆಂಟಿನಲ್ಲಿ ಒಂದೇ ಚಿತ್ರವನ್ನು ಮೂರು ದಿನ ನೋಡಿ, ನಾಲ್ಕನೆಯ ದಿನ ಮದುವೆ ಮೆರವಣಿಗೆಯಲ್ಲಿ ಅದರ ಹಾಡನ್ನು ನುಡಿಸುತ್ತಿದ್ದರಂತೆ. ಹಗಲು ಅವರು ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದರು. ದೊಡ್ಡಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು, ರಾತ್ರಿ ಅದೇ ಹೆಗಲಿಗೆ ದೊಡ್ಡ ಡ್ರಮ್ಮು.

ದೊಡ್ಡಪ್ಪ ಒಂದು ಸಂಗತಿಯನ್ನು ನನಗೆ ಬಹಳ ತಡವಾಗಿ ಹೇಳಿದರು. ಒಮ್ಮೆ ನಮ್ಮ ಹಳ್ಳಿಯ ದೊಡ್ಡ ಮನೆಯ ಯಜಮಾನರೇ ಮಗನ ಮದುವೆಗೆ ಬ್ಯಾಂಡ್ ಗೊತ್ತುಮಾಡಲು ಬಂದರಂತೆ. ತಾತನನ್ನು ಸರಿರಾತ್ರಿಯಲ್ಲಿ ಆಳು ಕಳಿಸಿ ಕರೆಸುತ್ತಿದ್ದ ಮನೆ ಅದು. ಎಲೆ ಅಡಿಕೆ, ಮುಂಗಡದ ದುಡ್ಡು ಹಿಡಿದು, ‘ಆ ದಿನ ಬಿಡುವಿದೆಯಾ?’ ಎಂದು ಕೇಳಿದರು. ದೊಡ್ಡಪ್ಪ ಪುಸ್ತಕ ತೆರೆದು, ಬೆರಳಾಡಿಸಿ, ‘ಬೇರೆ ಕಡೆ ಒಪ್ಕೊಂಡಿದೀವಿ ಬುದ್ಧಿ’ ಎಂದರು. ಆ ದಿನದ ಹಾಳೆ ಖಾಲಿ ಇತ್ತು. ಸೆಟ್ಟಿನವರು ಒಂದು ಕೂಲಿ ಹೋಯಿತೆಂದು ಬೈದರಂತೆ. ಬುದ್ಧಿ ಎಂಬ ಮಾತು ಬಾಯಿ ತಪ್ಪಿ ಬಂದದ್ದಕ್ಕೆ ದೊಡ್ಡಪ್ಪನಿಗೆ ಇವತ್ತಿಗೂ ಬೇಸರ.

1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಗಾಳಿ ಹಳ್ಳಿಗಳಿಗೆ ಬೀಸಿದ ಮೇಲೆ, ಬಿಟ್ಟಿ ತಮಟೆ ಬಡಿಯುವುದಿಲ್ಲ ಎಂದವರು ಊರೂರಲ್ಲಿ ಎದ್ದರು. ಅದೇ ತಮಟೆ ಹೋರಾಟದ ಹಾಡುಗಳ ಜೊತೆ ಬೀದಿಗೂ ಬಂತು. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಸಿಕ್ಕಿತು. ತಾತ ಇದ್ದಿದ್ದರೆ ನಂಬುತ್ತಿರಲಿಲ್ಲ. ಬ್ಯಾಂಡ್‌ಸೆಟ್ಟಿಗೆ ಅಂಥ ಯೋಗ ಬರಲಿಲ್ಲ. ಗಣೇಶನ ಮೆರವಣಿಗೆಗೆ ಡಿಜೆ ಬಂತು, ನಾಸಿಕ್ ಡೋಲು ಬಂತು, ಮದುವೆಗೆ ಕೇರಳದ ಚಂಡೆ ಬಂತು. ದೊಡ್ಡಪ್ಪನ ಡ್ರಮ್ಮು ಅಟ್ಟ ಸೇರಿದೆ. ಕೋಟನ್ನು ದೊಡ್ಡಮ್ಮ ದಿಂಬಿನೊಳಗೆ ತುಂಬಿದ್ದಾರೆ.

ಹೋದ ವರ್ಷ ನನ್ನ ತಮ್ಮನ ಮಗ ಕಾಲೇಜಿನ ಗೆಳೆಯರ ಜೊತೆ ತಮಟೆ ತಂಡ ಕಟ್ಟಿದ. ಇಬ್ಬರು ಹುಡುಗಿಯರೂ ಇದ್ದಾರೆ. ಅಂಬೇಡ್ಕರ್ ಜಯಂತಿಯ ದಿನ ಅವರು ಬೆಂಕಿಯಲ್ಲಿ ತಮಟೆ ಕಾಯಿಸುತ್ತಿದ್ದಾಗ ದೊಡ್ಡಪ್ಪ ಕೋಲೂರಿಕೊಂಡು ಬಂದು ನಿಂತರು. ಒಂದು ತಮಟೆ ಎತ್ತಿಕೊಂಡು ಬೆರಳಿಂದ ತಟ್ಟಿ, ಕಿವಿಗಿಟ್ಟು ನೋಡಿ, ಇನ್ನೂ ಸ್ವಲ್ಪ ಕಾಯಬೇಕೆಂದು ವಾಪಸು ಕೊಟ್ಟರು.

ಆಮೇಲೆ ಹುಡುಗನನ್ನು ಹತ್ತಿರ ಕರೆದು ಕೇಳಿದರು: ‘ಏನ್ಲಾ, ವೀಳ್ಯ ಎಷ್ಟು ಕೊಟ್ರು?’