ಹಸ್ತಪ್ರತಿಯನ್ನು ಆರಿಸುವವರು ಯಾರು?

ಕನ್ನಡ ಪುಸ್ತಕ ಪ್ರಕಾಶನದ ಚರಿತ್ರೆ ಹೇಳುವಾಗ ಮಾತು ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳಲ್ಲೇ ಸುತ್ತುತ್ತದೆ. ತುಂಗಭದ್ರೆಯ ಬಲದಂಡೆಯಿಂದ ಸಂಡೂರಿನ ಬೆಟ್ಟಸಾಲಿನವರೆಗಿನ ಸೀಮೆ ಆ ಚರಿತ್ರೆಯಲ್ಲಿ ಪುಸ್ತಕಗಳಿಗೆ ವಸ್ತು ಒದಗಿಸಿದ ನೆಲವಾಗಿ ಬರುತ್ತದೆಯೇ ಹೊರತು ಪುಸ್ತಕ ಮಾಡಿದ ನೆಲವಾಗಿ ಬರುವುದು ಅಪರೂಪ. ಆದರೆ ಕಂಪ್ಲಿ ಮಾರ್ಗದ ಚನ್ನಪಟ್ಟಣವೆಂಬ ಹಳ್ಳಿಯನ್ನೇ ವಿಳಾಸವಾಗಿಸಿಕೊಂಡು ಪಲ್ಲವ ಪ್ರಕಾಶನ ಕಾವ್ಯ, ವಿಮರ್ಶೆ, ಸಂಶೋಧನೆಗಳ ಪುಸ್ತಕಗಳನ್ನು ನಾಡಿನ ಓದುಗರಿಗೆ ತಲುಪಿಸಿದೆ. ಹೊಸಪೇಟೆಯಲ್ಲಿ ಯಾಜಿ ಪ್ರಕಾಶನವಿದೆ, ಪಕ್ಕದ ಬಳ್ಳಾರಿಯಲ್ಲಿ ಸಿ. ಚನ್ನಬಸವಣ್ಣನವರು ಕಟ್ಟಿದ ಲೋಹಿಯಾ ಪ್ರಕಾಶನವಿದೆ. ಇಂಥ ಸಂಸ್ಥೆಗಳನ್ನು ಸ್ವತಂತ್ರವೆಂದು ಕರೆಯುವಾಗ ನಾವು ಸಾಮಾನ್ಯವಾಗಿ ಅವುಗಳ ಹಣ ಎಲ್ಲಿಂದ ಬಂತೆಂದು ನೋಡುತ್ತೇವೆ. ಈ ಸೀಮೆಯ ಸುಮಾರು ಇನ್ನೂರು ವರ್ಷಗಳ ಅಚ್ಚಿನ ಚರಿತ್ರೆ ಬೇರೆ ಪ್ರಶ್ನೆಯನ್ನು ಕೇಳಲು ಕಲಿಸುತ್ತದೆ: ಯಾವ ಹಸ್ತಪ್ರತಿ ಪುಸ್ತಕವಾಗಬೇಕೆಂದು ತೀರ್ಮಾನಿಸುವವರು ಯಾರು? ಪ್ರಕಾಶನದ ಸ್ವಾತಂತ್ರ್ಯ ಇರುವುದು ಆ ತೀರ್ಮಾನದಲ್ಲಿ ಎಂಬುದು ನನ್ನ ವಾದ.

ಮೊದಲ ಸಾಕ್ಷ್ಯ ಬಳ್ಳಾರಿಯದು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದರು. ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದರು. ಅವರ ಜೊತೆಗಾರ ವಿಲಿಯಂ ರೀವ್ ಇದೇ ನೆಲದಲ್ಲಿ ಕೂತು ನಿಘಂಟು ಕಟ್ಟಿದರು. ಬಳ್ಳಾರಿಯ ಮಿಷನ್ ಮುದ್ರಣಾಲಯದಲ್ಲಿ ಅಚ್ಚುಮೊಳೆಗಳಿದ್ದವು, ಜೋಡಿಸುವ ಕೈಗಳೂ ಇದ್ದವು. ಹೀಗಾಗಿ 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಟ ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಮರುವರ್ಷ ಬಳ್ಳಾರಿಗೆ ಬಂದು ‘ಕಂನಡ ಸಮಾಚಾರ’ ಎಂಬ ಹೆಸರಿನಲ್ಲಿ ಮುದ್ರಣವಾಯಿತು. ಕರಾವಳಿಯ ಪತ್ರಿಕೆಯೊಂದು ಬಯಲುಸೀಮೆಯ ಈ ಊರನ್ನು ಹುಡುಕಿಕೊಂಡು ಬರಬೇಕಾದಷ್ಟು ಇಲ್ಲಿನ ಮುದ್ರಣ ಬೆಳೆದಿತ್ತು. ಆದರೂ ಇಲ್ಲೊಂದು ಪ್ರಕಾಶನ ಪರಂಪರೆ ಬೇರೂರಲಿಲ್ಲ. ಯಂತ್ರ, ಮೊಳೆ, ವಿದ್ವತ್ತು ಎಲ್ಲವೂ ಊರಿನಲ್ಲೇ ಇದ್ದವು. ಏನು ಅಚ್ಚಾಗಬೇಕೆಂಬ ತೀರ್ಮಾನ ಮಾತ್ರ ಧರ್ಮಪ್ರಸಾರದ ಉದ್ದೇಶಕ್ಕೆ ಕಟ್ಟುಬಿದ್ದಿತ್ತು. ಮಿಷನ್ನಿನ ಆಸಕ್ತಿ ಬೇರೆಡೆ ಹರಿದಾಗ ಮುದ್ರಣದ ಉತ್ಸಾಹವೂ ಅದರೊಂದಿಗೆ ಹೋಯಿತು. ಅಚ್ಚುಕೂಟ ಇದ್ದ ಮಾತ್ರಕ್ಕೆ ಪ್ರಕಾಶನ ಇದ್ದಂತೆ ಆಗದು ಎಂಬುದನ್ನು ಈ ಅನುಭವ ಸ್ಪಷ್ಟವಾಗಿ ಹೇಳುತ್ತದೆ.

ಎರಡನೆಯ ಸಾಕ್ಷ್ಯ ಹಂಪಿಯ ಕನ್ನಡ ವಿಶ್ವವಿದ್ಯಾಲಯ. 1991ರಲ್ಲಿ ಸ್ಥಾಪನೆಯಾಗಿ, ಚಂದ್ರಶೇಖರ ಕಂಬಾರರು ಮೊದಲ ಕುಲಪತಿಯಾಗಿ ಕಟ್ಟಿದ ಈ ಸಂಸ್ಥೆಗೆ ಸಂಶೋಧನೆಯೇ ಮುಖ್ಯ ಕೆಲಸವಾಗಿದ್ದರಿಂದ ಅದರ ಪ್ರಸಾರಾಂಗ ಆರಂಭದಿಂದಲೂ ದೊಡ್ಡ ಪ್ರಕಾಶನ ಸಂಸ್ಥೆಯಂತೆ ದುಡಿಯಿತು. ಶಾಸನ ಸಂಪುಟಗಳು, ಜನಪದ ಮಹಾಕಾವ್ಯಗಳು, ಬುಡಕಟ್ಟುಗಳ ಅಧ್ಯಯನಗಳು ಇಲ್ಲಿಂದ ಬಂದವು. ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯ ಮಂಟೇಸ್ವಾಮಿ ಕಾವ್ಯ, ಕೆ. ಕೇಶವನ್ ಪ್ರಸಾದರ ಮಲೆ ಮಾದೇಶ್ವರ ಕಾವ್ಯಗಳಂಥ ಸಂಪುಟಗಳನ್ನು ಲಾಭ ನೋಡುವ ಯಾವ ಪ್ರಕಾಶಕರೂ ಮುಟ್ಟುತ್ತಿರಲಿಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಹತ್ತಾರು ಕಾವ್ಯಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಹೆಣ್ಣುಮಗಳು. ಅವರ ದನಿಯಲ್ಲಿದ್ದ ಕುಮಾರರಾಮನಂಥ ಕಥನಗಳು ಬರಹಕ್ಕಿಳಿದವು, ವಿಶ್ವವಿದ್ಯಾಲಯ ಅವರನ್ನು ನಾಡೋಜ ಎಂದು ಗೌರವಿಸಿತು. 2014ರಲ್ಲಿ ಈರಮ್ಮ ತೀರಿಕೊಂಡರು. ಬರೆದಿಟ್ಟುಕೊಂಡಷ್ಟು ನಮಗೆ ಉಳಿದಿದೆ. ಸರ್ಕಾರದ ಹಣದಲ್ಲಿ ನಡೆದ ಈ ಕೆಲಸವನ್ನು ಯಾರೂ ಕಡಿಮೆ ಮಾಡಿ ಹೇಳಬಾರದು. ಆದರೆ ವಿಶ್ವವಿದ್ಯಾಲಯದ ಪುಸ್ತಕ ಹುಟ್ಟುವುದು ಯೋಜನೆಯಿಂದ. ವಿಭಾಗ ಯೋಜನೆ ಹಾಕಬೇಕು, ಸಮಿತಿ ಒಪ್ಪಬೇಕು, ಅನುದಾನ ಬರಬೇಕು. ಇತ್ತೀಚಿನ ವರ್ಷಗಳಲ್ಲಿ ಅನುದಾನದ ಕೊರತೆ ವಿಶ್ವವಿದ್ಯಾಲಯವನ್ನು ಕಾಡಿದಾಗ ಈ ವ್ಯವಸ್ಥೆ ಎಷ್ಟು ನಾಜೂಕಿನದೆಂದು ಎಲ್ಲರಿಗೂ ಕಂಡಿತು. ಹೊಸ ಕವಿಯೊಬ್ಬನ ಮೊದಲ ಸಂಕಲನಕ್ಕೆ, ನಡೆಯುತ್ತಿರುವ ಚಳವಳಿಯ ಬಗೆಗಿನ ಪುಸ್ತಕಕ್ಕೆ, ಅಧಿಕಾರಸ್ಥರಿಗೆ ಇರುಸುಮುರುಸಾಗುವ ವಿಮರ್ಶೆಗೆ ಯೋಜನೆಯ ನಮೂನೆಯಲ್ಲಿ ಜಾಗ ಸಿಗುವುದು ಕಷ್ಟ.

ಆ ಜಾಗವನ್ನು ತುಂಬಿದ್ದು ಸಣ್ಣ ಪ್ರಕಾಶಕರು. ಸಂಡೂರಿನ ಉದಾಹರಣೆಯಿಂದ ಇದರ ಅಗತ್ಯ ತಿಳಿಯುತ್ತದೆ. 1973ರಲ್ಲಿ ಅಲ್ಲಿ ಇನಾಂ ಭೂಮಿಯ ಉಳುವವರ ಹಕ್ಕಿಗಾಗಿ ಸಮಾಜವಾದಿಗಳು ಸತ್ಯಾಗ್ರಹ ನಡೆಸಿದರು. ಮುಂದೆ ಅದೇ ನೆಲದ ಕಬ್ಬಿಣದ ಅದಿರು ರಾಜ್ಯದ ರಾಜಕಾರಣವನ್ನೇ ಅಲುಗಿಸಿತು. 2011ರಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ ಬಂತು, ಬಳ್ಳಾರಿಯ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ ಹಾಕಿತು. ಅರುಣ್ ಜೋಳದಕೂಡ್ಲಿಗಿಯವರು ಸಂಡೂರಿನ ಭೂ ಹೋರಾಟದ ಬಗ್ಗೆ ಪುಸ್ತಕವನ್ನೇ ಬರೆದರು. ಇಂಥ ಊರಿನ ಚರಿತ್ರೆಯನ್ನು ಭೂಮಾಲೀಕರ ಹಂಗಿಲ್ಲದ, ಗಣಿಯ ಹಂಗಿಲ್ಲದ, ಕಚೇರಿಯ ಹಂಗಿಲ್ಲದ ಕೈಗಳು ಪ್ರಕಟಿಸಬೇಕಾಗುತ್ತದೆ. ಬಳ್ಳಾರಿಯ ಪ್ರಕಾಶನವೊಂದು ಸಮಾಜವಾದಿ ನಾಯಕ ಲೋಹಿಯಾ ಅವರ ಹೆಸರನ್ನೇ ಇಟ್ಟುಕೊಂಡಿತೆಂದರೆ, ಪುಸ್ತಕ ಪ್ರಕಟಿಸುವುದು ವಿಚಾರದ ಪಕ್ಷ ವಹಿಸುವ ಕೆಲಸ ಎಂದು ಅದನ್ನು ಕಟ್ಟಿದವರು ನಂಬಿದ್ದರು ಎಂದೇ ಅರ್ಥ.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ: ಹಂಪಿಯ ವಿಶ್ವವಿದ್ಯಾಲಯ ಇಲ್ಲದಿದ್ದರೆ ಹೊಸಪೇಟೆ ಸುತ್ತಿನ ಪ್ರಕಾಶನಗಳಿಗೆ ಲೇಖಕರೇ ಇರುತ್ತಿರಲಿಲ್ಲ, ಹಾಗಾಗಿ ಅವು ಸ್ವತಂತ್ರ ಹೇಗೆ? ಮಾತಿನ ಮೊದಲರ್ಧ ಬಹುಮಟ್ಟಿಗೆ ನಿಜ. ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು, ಕರಡು ತಿದ್ದಬಲ್ಲವರು, ಪುಸ್ತಕ ಕೊಳ್ಳುವವರು ಒಂದೇ ಕಡೆ ಸೇರಿದ್ದು ವಿಶ್ವವಿದ್ಯಾಲಯದಿಂದಲೇ. ಆದರೆ ನೆರೆಯಿಂದ ಬಲ ಪಡೆಯುವುದು ಬೇರೆ, ಅಪ್ಪಣೆ ಪಡೆಯುವುದು ಬೇರೆ. ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಬೇಂದ್ರೆಯವರ ಗೆಳೆಯರ ಬಳಗದ ಬಲದಿಂದ, ಚಂದಾದಾರರ ಹಣದಿಂದ ನಿಂತಿತು. ಆದರೆ ಯಾವ ಪುಸ್ತಕ ತರಬೇಕೆಂಬುದನ್ನು ಜೋಶಿಯವರೂ ಕೀರ್ತಿನಾಥ ಕುರ್ತಕೋಟಿಯವರಂಥ ಸಲಹೆಗಾರರೂ ನಿರ್ಧರಿಸಿದರು. 1965ರಲ್ಲಿ ‘ಸಂಸ್ಕಾರ’ ಕಾದಂಬರಿ ಅಲ್ಲಿಂದ ಹೊರಬರಲು ಬೇಕಾದದ್ದು ಆ ಧೈರ್ಯ. ಆಸರೆ ಎಲ್ಲಿಂದ ಸಿಕ್ಕರೂ ಆಯ್ಕೆ ತಮ್ಮದಾಗಿದ್ದರೆ ಪ್ರಕಾಶನ ಸ್ವತಂತ್ರವೇ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಕನ್ನಡದ ಹೆಚ್ಚಿನ ಸಣ್ಣ ಪ್ರಕಾಶಕರು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿದ್ದಾರೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಆಯ್ಕೆ ಸಮಿತಿ ಒಪ್ಪಿದ ಪುಸ್ತಕದ ಸುಮಾರು 300 ಪ್ರತಿಗಳನ್ನು ಇಲಾಖೆ ಪುಟಕ್ಕಿಷ್ಟೆಂಬ ದರದಲ್ಲಿ ಕೊಳ್ಳುತ್ತದೆ. ಸಾವಿರ ಪ್ರತಿ ಅಚ್ಚು ಹಾಕಿಸುವವನಿಗೆ ಆ 300 ಪ್ರತಿಯೇ ಕಾಗದ, ಮುದ್ರಣಗಳ ಖರ್ಚಿಗೆ ಭರವಸೆ. ಖರೀದಿ ತಡವಾದರೆ, ಬಿಲ್ಲು ಬಾಕಿ ಉಳಿದರೆ ಮುಂದಿನ ಪುಸ್ತಕ ನಿಲ್ಲುತ್ತದೆ. ಖರೀದಿಯನ್ನಷ್ಟೇ ಕಣ್ಣಮುಂದಿಟ್ಟುಕೊಂಡು ಹೊರಬರುವ ಪುಸ್ತಕಗಳೂ ಉಂಟು. ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಅದು ನನ್ನ ವಾದಕ್ಕೆ ಒಂದು ಷರತ್ತನ್ನು ಸೇರಿಸುತ್ತದೆ. ಸಗಟು ಖರೀದಿ ಇಲ್ಲದಿದ್ದರೂ ಈ ಪುಸ್ತಕ ತರುತ್ತಿದ್ದೆನೇ ಎಂಬ ಪ್ರಶ್ನೆಗೆ ಹೌದೆಂದು ಉತ್ತರಿಸಬಲ್ಲ ಪ್ರಕಾಶಕ ಮಾತ್ರ ಹಸ್ತಪ್ರತಿಯನ್ನು ತಾನೇ ಆರಿಸಿದ್ದಾನೆ. ಇಲ್ಲವೆನ್ನುವವನ ಪರವಾಗಿ ಸಮಿತಿ ಆರಿಸಿದೆ.

ಒಬ್ಬಿಬ್ಬರ ಅಭಿರುಚಿಗೆ ಆಯ್ಕೆಯನ್ನು ಒಪ್ಪಿಸುವುದು ಸರಿಯೇ ಎಂದೂ ಕೇಳಬಹುದು. ಒಬ್ಬರೇ ಆದರೆ ಸರಿಯಲ್ಲ. ಒಂದು ಸೀಮೆಯಲ್ಲಿ ಮೂರು ನಾಲ್ಕು ಪ್ರಕಾಶನಗಳಿದ್ದು, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುವಂತಿದ್ದರೆ ಪಕ್ಷಪಾತಗಳು ಒಂದನ್ನೊಂದು ತಿದ್ದುತ್ತವೆ. ಮಿಷನ್ನಿನ ಕಾಲದ ಬಳ್ಳಾರಿಯಲ್ಲಿ ಇಲ್ಲದ್ದು ಇಂಥ ಹಲತನ. ಇಂದಿನ ಹೊಸಪೇಟೆ, ಕಂಪ್ಲಿ, ಬಳ್ಳಾರಿಗಳಿಗೆ ಅದು ದಕ್ಕಿದೆ. ಅದನ್ನು ಉಳಿಸಿಕೊಳ್ಳಲು ಸರ್ಕಾರ ಪ್ರತಿವರ್ಷ ತಪ್ಪದೆ ಖರೀದಿಸಿ ಹೊತ್ತಿಗೆ ಸರಿಯಾಗಿ ಹಣ ಕೊಡಬೇಕು, ವಿಶ್ವವಿದ್ಯಾಲಯಕ್ಕೆ ಅನುದಾನ ನಿಲ್ಲಬಾರದು. ಆದರೆ ದೊಡ್ಡ ಹೊಣೆ ಓದುಗರದು. ಮನೋಹರ ಗ್ರಂಥಮಾಲೆಯ ಚಂದಾದಾರರು ಮಾಡಿದಂತೆ, ಪ್ರಕಾಶಕರ ಆಯ್ಕೆಯನ್ನು ನಂಬಿ ಮುಂಗಡ ಕೊಟ್ಟು ನೇರವಾಗಿ ಪುಸ್ತಕ ಕೊಳ್ಳುವ 500 ಮನೆಗಳು ಈ ಸೀಮೆಯಲ್ಲಿ ಸಿಕ್ಕರೆ, ಇಲ್ಲಿ ಯಾವ ಪುಸ್ತಕ ಬರಬೇಕೆಂಬುದನ್ನು ಇಲ್ಲಿನವರೇ ತೀರ್ಮಾನಿಸಬಹುದು.